ಕ್ಯಾಶ್ ಗೇಮೋ, ಟೂರ್ನಮೆಂಟೋ? ಪೋಕರ್‌ನಲ್ಲಿ ನಿಮಗೆ ಹೊಂದುವ ಮೇಜನ್ನು ಲೆಕ್ಕ ಹಾಕಿ ಆರಿಸುವ ಸಮಗ್ರ ಮಾರ್ಗದರ್ಶಿ

ಪೋಕರ್‌ನ ಜನಪ್ರಿಯ ಬಗೆಯಾದ ಹೋಲ್ಡೆಮ್‌ನ ನಿಯಮ ಕ್ಯಾಶ್ ಗೇಮ್, ಟೂರ್ನಮೆಂಟ್ ಎರಡು ಕಡೆಯೂ ಒಂದೇ. ಕೈಗೆ ಎರಡು ಎಲೆ, ಮೇಜಿನ ಮೇಲೆ ಐದು ಎಲೆ, ಪಣ ಕಟ್ಟಲು ನಾಲ್ಕು ಸುತ್ತು. ಆದರೂ ಕ್ಯಾಶ್ ಗೇಮ್‌ನಲ್ಲಿ ಪಳಗಿದವರು ಟೂರ್ನಮೆಂಟ್‌ಗೆ ಬಂದು ಎಡವುತ್ತಾರೆ. ಟೂರ್ನಮೆಂಟ್ ಗೆದ್ದವರು ಕ್ಯಾಶ್ ಮೇಜಿಗೆ ಕೂತು ಗೆದ್ದದ್ದನ್ನೆಲ್ಲ ಅಲ್ಲೇ ಬಿಟ್ಟು ಏಳುತ್ತಾರೆ. ಕಾರಣ ಎಲೆಗಳಲ್ಲಿಲ್ಲ, ಪಣಕ್ಕಿಡುವ ಬಿಲ್ಲೆಗಳಾದ ಚಿಪ್ಸ್‌ನಲ್ಲಿದೆ. ಕ್ಯಾಶ್ ಗೇಮ್‌ನಲ್ಲಿ ಚಿಪ್ ಎಂದರೆ ದುಡ್ಡೇ. ಯಾವಾಗ ಬೇಕಾದರೂ ಎದ್ದು ಕೌಂಟರ್‌ನಲ್ಲಿ ಕೊಟ್ಟು ಹಣ ಮಾಡಿಕೊಳ್ಳಬಹುದು. ಟೂರ್ನಮೆಂಟ್‌ನಲ್ಲಿ ಚಿಪ್ ಎಂದರೆ ಆಟದಲ್ಲಿ ಉಳಿಯುವ ಹಕ್ಕು ಮಾತ್ರ. ಅದಕ್ಕೆ ಎಷ್ಟು ಬೆಲೆ ಎನ್ನುವುದು ಇನ್ನೂ ಎಷ್ಟು ಜನ ಉಳಿದಿದ್ದಾರೆ, ಬಹುಮಾನ ಹೇಗೆ ಹಂಚುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಕೆಳಗಿನ ಪ್ರತಿ ಹೆಜ್ಜೆಯೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದ್ದು.

ಪ್ರತಿ ಕೈಗೂ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಪಣವೇ ಬ್ಲೈಂಡ್: ದೊಡ್ಡದು ಬಿಗ್ ಬ್ಲೈಂಡ್, ಸಾಮಾನ್ಯವಾಗಿ ಅದರ ಅರ್ಧದ್ದು ಸ್ಮಾಲ್ ಬ್ಲೈಂಡ್. ಮುಂದಿನ ಲೆಕ್ಕಗಳಲ್ಲೆಲ್ಲ ಬಿಗ್ ಬ್ಲೈಂಡನ್ನು ‘ಬಿಬಿ’ ಎಂದು ಬರೆದಿದೆ. ಸ್ಟ್ಯಾಕ್ (ನಿಮ್ಮ ಮುಂದಿರುವ ಚಿಪ್ಸ್ ರಾಶಿ) ಎಷ್ಟು ದೊಡ್ಡದು ಎಂದು ಅಳೆಯಬೇಕಾದ್ದು ಬಿಬಿಯಲ್ಲೇ, ಚಿಪ್ಸ್ ಎಣಿಸಿ ಅಲ್ಲ.

ಹೆಜ್ಜೆ 1: ಮೊದಲು ಗಡಿಯಾರ ನೋಡಿ

ಹೆಚ್ಚಿನವರು ಮೊದಲು ದುಡ್ಡಿನ ಬಗ್ಗೆ ಯೋಚಿಸುತ್ತಾರೆ. ತಪ್ಪು. ನಿಮ್ಮ ಹತ್ತಿರ ಒಂದೇ ಬಾರಿಗೆ ಎಷ್ಟು ಹೊತ್ತು ಇದೆ ಎನ್ನುವುದೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಕ್ಯಾಶ್ ಗೇಮ್‌ಗೆ ಆರಂಭವೂ ಇಲ್ಲ, ಅಂತ್ಯವೂ ಇಲ್ಲ. ನಲವತ್ತು ನಿಮಿಷ ಆಡಿ ಎದ್ದರೂ ಯಾರೂ ಕೇಳುವುದಿಲ್ಲ. ಆನ್‌ಲೈನ್‌ನಲ್ಲಿ ಒಂದು ಮೇಜಿನಲ್ಲಿ ಗಂಟೆಗೆ 60ರಿಂದ 80 ಕೈ (ಎಲೆ ಹಂಚಿ ಆಡುವ ಒಂದೊಂದು ಆಟ) ಆಡಬಹುದು. ಎದುರುಬದುರು ಕೂತು ಆಡುವ ಮೇಜಿನಲ್ಲಿ ಎಲೆ ಹಂಚುವುದು, ಪಾಟ್ (ಮಧ್ಯೆ ಸೇರಿದ ಪಣದ ಮೊತ್ತ) ಎಣಿಸುವುದು ಎಲ್ಲ ಸೇರಿ ಗಂಟೆಗೆ 25ರಿಂದ 30 ಕೈ ಆದರೆ ಹೆಚ್ಚು.

ಟೂರ್ನಮೆಂಟ್ ಹಾಗಲ್ಲ. ಮೊದಲ ಹತ್ತು ನಿಮಿಷಕ್ಕೇ ಹೊರಬೀಳಬಹುದು, ಇಲ್ಲವೇ ಆರು ಗಂಟೆ ಕೂರಬೇಕಾಗಬಹುದು. ಮತ್ತು ದೊಡ್ಡ ಬಹುಮಾನವೆಲ್ಲ ಇರುವುದು ಆ ಕೊನೆಯ ಗಂಟೆಯಲ್ಲೇ. ಎಷ್ಟು ಹೊತ್ತು ನಡೆಯಬಹುದು ಎಂದು ಮೊದಲೇ ಅಂದಾಜು ಮಾಡಲು ಒಂದು ಸುಲಭ ಲೆಕ್ಕವಿದೆ. ಒಟ್ಟು ಚಿಪ್ಸನ್ನು 50ರಿಂದ ಭಾಗಿಸಿ. ಇಬ್ಬರೇ ಉಳಿಯುವ ಹೊತ್ತಿಗೆ ಬಿಗ್ ಬ್ಲೈಂಡ್ ಹೆಚ್ಚುಕಡಿಮೆ ಅಷ್ಟಿರುತ್ತದೆ. ಉದಾಹರಣೆಗೆ 200 ಆಟಗಾರರು, ತಲಾ 10,000 ಚಿಪ್ಸ್: ಒಟ್ಟು 20 ಲಕ್ಷ. 50ರಿಂದ ಭಾಗಿಸಿದರೆ 40,000. ಟೂರ್ನಮೆಂಟ್‌ನಲ್ಲಿ ಬ್ಲೈಂಡ್ ನಿಗದಿತ ಹೊತ್ತಿಗೊಮ್ಮೆ ಏರುತ್ತದೆ, ಅದರ ಒಂದೊಂದು ಮೆಟ್ಟಿಲೂ ಒಂದು ಲೆವೆಲ್. ಬ್ಲೈಂಡ್ ಪಟ್ಟಿಯಲ್ಲಿ ಬಿಗ್ ಬ್ಲೈಂಡ್ 40,000 ಬರುವುದು ಎಷ್ಟನೇ ಲೆವೆಲ್‌ನಲ್ಲಿ ನೋಡಿ. 24ನೇ ಲೆವೆಲ್, ಲೆವೆಲ್‌ಗೆ 10 ನಿಮಿಷ ಎಂದಿದ್ದರೆ ನಾಲ್ಕು ಗಂಟೆ, ಮೇಲೆ ವಿರಾಮ. ಮರು-ಪ್ರವೇಶ (ಹೊರಬಿದ್ದವರು ಮತ್ತೆ ಹಣ ಕಟ್ಟಿ ಬರುವುದು) ಇರುವ ಆಟದಲ್ಲಿ ಆಟಗಾರರ ಸಂಖ್ಯೆಗಲ್ಲ, ಒಟ್ಟು ಪ್ರವೇಶಗಳ ಸಂಖ್ಯೆಗೆ ಈ ಲೆಕ್ಕ ಹಾಕಬೇಕು. ಇಲ್ಲಿ ಎಡವಿದವರೇ ‘ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ’ ಎನ್ನುತ್ತ ನಡುರಾತ್ರಿ ಕಣ್ಣುಜ್ಜುತ್ತ ಕೂರುವವರು.

ಈ ಲೆಕ್ಕದಲ್ಲಿ ಬಂದ ಸಮಯ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಆ ಟೂರ್ನಮೆಂಟ್ ಬೇಡ. ಹೊತ್ತಾಯಿತೆಂದು ಕೊನೆಯ ಹದಿನೈದು ಜನರಲ್ಲಿ ಸುಮ್ಮನೆ ಆಲ್-ಇನ್ (ಇರುವ ಚಿಪ್ಸನ್ನೆಲ್ಲ ಪಣಕ್ಕೆ) ತಳ್ಳಿ ಏಳುವುದೆಂದರೆ, ಅಷ್ಟು ಹೊತ್ತು ಕಷ್ಟಪಟ್ಟು ಕಟ್ಟಿದ್ದನ್ನು ಬೀದಿಗೆ ಚೆಲ್ಲಿದಂತೆ.

ಹೆಜ್ಜೆ 2: ಚಿಪ್‌ನ ಬೆಲೆ ಬದಲಾಗುವುದು ಕಣ್ಣಾರೆ ನೋಡಿ

ಇದೊಂದು ಲೆಕ್ಕ ಅರ್ಥವಾದರೆ ಟೂರ್ನಮೆಂಟ್ ನಿಮಗೆ ಹಿಡಿಸುವ ಆಟವೋ ಅಲ್ಲವೋ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂಬತ್ತು ಜನರ ಸಿಟ್-ಅಂಡ್-ಗೋ, ಅಂದರೆ ಜಾಗ ತುಂಬಿದ ಕೂಡಲೇ ಶುರುವಾಗುವ ಸಣ್ಣ ಟೂರ್ನಮೆಂಟ್. ಬಹುಮಾನದ ಮೊತ್ತ 100 ಎಂದುಕೊಳ್ಳಿ. ಮೊದಲಿಗರಿಗೆ 50, ಎರಡನೆಯವರಿಗೆ 30, ಮೂರನೆಯವರಿಗೆ 20. ಈಗ ನಾಲ್ವರು ಉಳಿದಿದ್ದಾರೆ, ನಾಲ್ವರ ಹತ್ತಿರವೂ ಸಮ ಚಿಪ್ಸ್. ಇನ್ನೊಬ್ಬರು ಹೊರಬಿದ್ದರೆ ಉಳಿದವರಿಗೆಲ್ಲ ದುಡ್ಡು. ಸದ್ಯಕ್ಕೆ ಪ್ರತಿಯೊಬ್ಬರ ಪಾಲು 25.

ಎದುರಾಳಿ ಆಲ್-ಇನ್ ಹೋದರು. ನೀವು ಕಾಲ್ ಮಾಡಿ (ಅಷ್ಟೇ ಪಣ ಹಾಕಿ) ಗೆದ್ದರೆ ಒಟ್ಟು ಚಿಪ್ಸ್‌ನ ಅರ್ಧ ನಿಮ್ಮದು, ಉಳಿದಿಬ್ಬರ ಹತ್ತಿರ ಕಾಲು ಕಾಲು. ಆಗ ನೀವು ಮೊದಲ ಸ್ಥಾನಕ್ಕೆ ಬರುವ ಸಾಧ್ಯತೆ ಶೇ 50, ಎರಡನೆಯದಕ್ಕೆ ಶೇ 33.3, ಮೂರನೆಯದಕ್ಕೆ ಶೇ 16.7. ಬಹುಮಾನಕ್ಕೆ ಗುಣಿಸಿ ಕೂಡಿದರೆ 25 + 10 + 3.33, ಅಂದರೆ 38.33. ಚಿಪ್ಸ್ ಎರಡರಷ್ಟಾಯಿತು, ಪಾಲು 25ರಿಂದ 50 ಆಗಲಿಲ್ಲ, 38.33 ಆಯಿತು ಅಷ್ಟೇ. ಸೋತರೆ ಮಾತ್ರ ಸೊನ್ನೆ. ಬ್ಲೈಂಡ್‌ಗಳನ್ನು ಬದಿಗಿಟ್ಟು ನೋಡಿದರೆ ಈ ಕಾಲ್ ನಷ್ಟವಾಗದಿರಲು ನೀವು ಶೇ 65ಕ್ಕಿಂತ ಹೆಚ್ಚು ಬಾರಿ ಗೆಲ್ಲಬೇಕು, ಏಕೆಂದರೆ 25ನ್ನು 38.33ರಿಂದ ಭಾಗಿಸಿದರೆ ಬರುವುದು 0.652. ಇದೇ ಕೈ ಕ್ಯಾಶ್ ಗೇಮ್‌ನಲ್ಲಿ ಬಂದಿದ್ದರೆ ಶೇ 50 ಸಾಕಿತ್ತು.

ಶೇ 65 ಎಂದರೆ ಎಷ್ಟು ದೊಡ್ಡದು? ಎದುರಾಳಿ ಎಲೆಯನ್ನೇ ನೋಡದೆ, ಯಾವುದೇ ಎರಡು ಎಲೆಗೆ ಆಲ್-ಇನ್ ಹೋಗುತ್ತಿದ್ದರೂ ಬೇರೆ ಬೇರೆ ರಂಗಿನ ಏಸ್–ಕಿಂಗ್‌ಗೆ ಸಿಗುವುದು ಸುಮಾರು ಶೇ 65 ಮಾತ್ರ. ಅಷ್ಟೂ ಕಣ್ಣುಮುಚ್ಚಿ ಆಡುವವರ ಎದುರಿಗೇ ಅದು ಅಂಚಿನ ಕಾಲ್! ನಿಜವಾಗಿ ಎದುರಾಳಿಗಳು ಅಷ್ಟು ಸಡಿಲವಾಗಿ ತಳ್ಳುವುದಿಲ್ಲ, ಹಾಗಾಗಿ ಬಹಳ ಸಲ ಏಸ್–ಕಿಂಗನ್ನೂ ಮಡಚಿಡಬೇಕಾಗುತ್ತದೆ (ಫೋಲ್ಡ್, ಅಂದರೆ ಎಲೆ ಬಿಟ್ಟು ಆ ಕೈಯಿಂದ ಹಿಂದೆ ಸರಿಯುವುದು).

ಇನ್ನೂ ಸೋಜಿಗದ ಭಾಗ ಉಳಿದಿದೆ. ಇಬ್ಬರು ಬಡಿದಾಡಿ ಒಬ್ಬರು ಹೊರಬಿದ್ದಾಗ, ಕೈಕಟ್ಟಿ ಕೂತಿದ್ದ ಉಳಿದಿಬ್ಬರ ಪಾಲು 25ರಿಂದ 30.83ಕ್ಕೆ ಏರಿತು. ಒಂದು ಚಿಪ್ಪನ್ನೂ ಮುಂದೆ ತಳ್ಳದೆ ತಲಾ 5.83 ಲಾಭ. ಚಿಪ್ಸನ್ನು ಹೀಗೆ ಬಹುಮಾನದ ಪಾಲಾಗಿ ಅಳೆಯುವ ಲೆಕ್ಕವನ್ನೇ ಟೂರ್ನಮೆಂಟ್‌ನವರು ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಎಂದು ಕರೆಯುವುದು. ಇಂಥ ಲೆಕ್ಕ ನಿಮಗೆ ಖುಷಿ ಕೊಟ್ಟರೆ ಟೂರ್ನಮೆಂಟ್ ಕಲಿಯಿರಿ. ‘ಒಳ್ಳೆ ಎಲೆ ಬಂದರೂ ಮಡಚುವುದಾದರೆ ಆಡುವುದೇಕೆ’ ಅನ್ನಿಸಿದರೆ ನಿಮ್ಮ ಜಾಗ ಕ್ಯಾಶ್ ಮೇಜು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹೆಜ್ಜೆ 3: ಯಾವ ಕಲೆ ನಿಮ್ಮಲ್ಲಿದೆ, ಯಾವುದು ಇಲ್ಲ

ಕ್ಯಾಶ್ ಗೇಮ್‌ನಲ್ಲಿ ಸಾಮಾನ್ಯವಾಗಿ 100 ಬಿಬಿ ಇಟ್ಟುಕೊಂಡು ಕೂರುತ್ತೀರಿ. ಕಡಿಮೆಯಾದರೆ ಮತ್ತೆ ತುಂಬಿಸಿಕೊಳ್ಳಬಹುದು. ಹಾಗಾಗಿ ಆಟದ ಭಾರವೆಲ್ಲ ಬೀಳುವುದು ಟರ್ನ್ (ಮೇಜಿನ ನಾಲ್ಕನೇ ಎಲೆ) ಮತ್ತು ರಿವರ್ (ಐದನೆಯದು) ಮೇಲೆ. ದೊಡ್ಡ ಪಾಟ್‌ಗಳು ತೀರ್ಮಾನವಾಗುವುದೇ ಅಲ್ಲಿ. ಟೂರ್ನಮೆಂಟ್‌ನಲ್ಲಿ ಬ್ಲೈಂಡ್ ಏರುತ್ತಲೇ ಇರುವುದರಿಂದ ನಡುವಿನ ಹಂತದಲ್ಲಿ ಬಹುತೇಕರ ಸ್ಟ್ಯಾಕ್ 15ರಿಂದ 40 ಬಿಬಿಗೆ ಇಳಿದಿರುತ್ತದೆ, ತೀರ್ಮಾನ ಫ್ಲಾಪ್‌ಗೆ (ಮೇಜಿನ ಮೊದಲ ಮೂರು ಎಲೆ ತೆರೆಯುವುದಕ್ಕೆ) ಮುಂಚೆಯೇ ಆಗಿಬಿಡುತ್ತದೆ.

ಒಂದು ಜೊತೆ ನಾಲ್ಕುಗಳನ್ನು ತೆಗೆದುಕೊಳ್ಳಿ. ಜೊತೆ ಎಲೆ ಹಿಡಿದವರಿಗೆ ಫ್ಲಾಪ್‌ನಲ್ಲಿ ಸೆಟ್ (ಅದೇ ಅಂಕಿಯ ಮೂರು ಎಲೆ) ಅಥವಾ ಅದಕ್ಕಿಂತ ಮೇಲಿನದು ಸಿಗುವುದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. ಕ್ಯಾಶ್ ಗೇಮ್‌ನಲ್ಲಿ ಎದುರಾಳಿ 3 ಬಿಬಿಗೆ ರೇಸ್ ಮಾಡಿದರು (ಪಣ ಏರಿಸಿದರು), ಇಬ್ಬರ ಹತ್ತಿರವೂ 100 ಬಿಬಿ. 3 ಕೊಟ್ಟು ನೋಡಬಹುದು, ಸೆಟ್ ಸಿಕ್ಕರೆ ಹಿಂದೆ 97 ಬಿಬಿ ಕಾದಿದೆ. ಅದೇ ಟೂರ್ನಮೆಂಟ್‌ನಲ್ಲಿ ಇಬ್ಬರ ಹತ್ತಿರವೂ 18 ಬಿಬಿ, ರೇಸ್ 2.2, ನೀವು ಬಟನ್‌ನಲ್ಲಿ (ಫ್ಲಾಪ್ ನಂತರ ಎಲ್ಲರಿಗಿಂತ ಕೊನೆಗೆ ಆಡುವ ಜಾಗ). ಸೆಟ್ ಸಿಗದ ಏಳೂವರೆ ಸಲಕ್ಕೆ 16.5 ಬಿಬಿ ಹೋಯಿತು; ಸಿಕ್ಕ ಒಂದು ಸಲ ಎದುರಾಳಿ ಇಡೀ ಸ್ಟ್ಯಾಕ್ ಹಾಕಿದರೂ ಬರುವುದು 20 ಬಿಬಿ ಆಸುಪಾಸು, ಮತ್ತು ಅವರು ಪ್ರತಿ ಸಲ ಹಾಕುವುದಿಲ್ಲ. ಬರೀ ಸೆಟ್ ಆಸೆಗೆ ಕಾಲ್ ಮಾಡುವುದು ಇಲ್ಲಿ ಸೋರುವ ಕೊಡ. ಆಲ್-ಇನ್ ಹೋಗಿ ಇಲ್ಲವೇ ಮಡಚಿ. ಒಂದೇ ಎಲೆ, ಬೇರೆಯೇ ಉತ್ತರ.

ಬ್ಲೈಂಡ್ ಕದಿಯುವ ಲೆಕ್ಕವೂ ಹೀಗೇ ತಿರುಗುತ್ತದೆ. ಕ್ಯಾಶ್‌ನಲ್ಲಿ ಆಂಟಿ (ಬ್ಲೈಂಡ್ ಜೊತೆಗೆ ಹಾಕುವ ಇನ್ನೊಂದು ಕಡ್ಡಾಯ ಪಣ) ಇರುವುದು ಅಪರೂಪ. ಯಾರೂ ಆಡುವ ಮೊದಲು ಪಾಟ್‌ನಲ್ಲಿರುವುದು 1.5 ಬಿಬಿ. ಅದನ್ನು ಗೆಲ್ಲಲು 2.5 ಬಿಬಿ ರೇಸ್ ಮಾಡಿದರೆ ಶೇ 62.5 ಸಲ ಎಲ್ಲರೂ ಮಡಚಬೇಕು. ಬಿಗ್ ಬ್ಲೈಂಡ್ ಆಂಟಿ (ಬಿಗ್ ಬ್ಲೈಂಡ್ ಹಾಕುವವರೇ ಎಲ್ಲರ ಪರವಾಗಿ ಹಾಕುವ 1 ಬಿಬಿ) ಇರುವ ಟೂರ್ನಮೆಂಟ್‌ನಲ್ಲಿ ಪಾಟ್ 2.5 ಬಿಬಿ, ರೇಸ್ 2.2 ಸಾಕು, ಶೇ 47 ಸಲ ಮಡಚಿದರೂ ಕೈಸುಡುವುದಿಲ್ಲ. ಆದ್ದರಿಂದಲೇ ಟೂರ್ನಮೆಂಟ್‌ನಲ್ಲಿ ಬಟನ್ ಹತ್ತಿರ ಬಂದಾಗ ತೆಪ್ಪಗೆ ಕೂರುವವರು ನಿಧಾನಕ್ಕೆ ಕರಗಿಹೋಗುತ್ತಾರೆ. ಅದೇ ಅಭ್ಯಾಸವನ್ನು ಕ್ಯಾಶ್ ಮೇಜಿಗೆ ತಂದು ಸಿಕ್ಕ ಸಿಕ್ಕ ಎಲೆಗೆ ರೇಸ್ ಮಾಡುವವರು ಅಲ್ಲಿ ಬೇಗ ಕರಗುತ್ತಾರೆ.

10–12 ಬಿಬಿಗಿಂತ ಕೆಳಗೆ ಇಳಿದರೆ ತಳ್ಳು ಇಲ್ಲವೇ ಮಡಚು, ಅಷ್ಟೇ ಆಟ. ಇದಕ್ಕೆ ಸಿದ್ಧ ಕೋಷ್ಟಕಗಳಿವೆ. ಹದಿನೈದು ದಿನ ಉರುಹೊಡೆದರೆ ಬಾಯಿಗೆ ಬರುತ್ತವೆ. 100 ಬಿಬಿ ಆಟಕ್ಕೆ ಅಂಥ ಅಡ್ಡದಾರಿ ಇಲ್ಲ.

ಹೆಜ್ಜೆ 4: ಮನೆಯ ಪಾಲು ಎಷ್ಟು?

ರೇಕ್, ಅಂದರೆ ಆಟ ನಡೆಸುವ ‘ಮನೆ’ ಪಾಟ್‌ನಿಂದ ಮುರಿದುಕೊಳ್ಳುವ ಪಾಲು, ಕಣ್ಣಿಗೆ ಬೀಳದಂತೆ ತಿನ್ನುವ ಹುಳ. ಆರು ಜನರ ಕ್ಯಾಶ್ ಮೇಜಿನಲ್ಲಿ 100 ಕೈ ನಡೆದವು, ಅದರಲ್ಲಿ 60 ಫ್ಲಾಪ್ ಕಂಡವು, ಅವುಗಳ ಸರಾಸರಿ ಪಾಟ್ 15 ಬಿಬಿ ಎಂದುಕೊಳ್ಳಿ. ಶೇ 5ರಂತೆ ಪಾಟ್‌ಗೆ 0.75 ಬಿಬಿ, ಒಟ್ಟು 45 ಬಿಬಿ ಮೇಜಿನಿಂದ ಮಾಯ. ತಲೆಗೆ 7.5 ಬಿಬಿ. 100 ಕೈಗೆ 5 ಬಿಬಿ ಗೆಲ್ಲುವವರು ಒಳ್ಳೆಯ ಆಟಗಾರರು ಎನಿಸಿಕೊಳ್ಳುತ್ತಾರೆ. ಅಂದರೆ ಅವರು ರೇಕ್‌ಗೆ ಮುಂಚೆ 12.5 ಗೆದ್ದಿರಬೇಕು. ಸಣ್ಣ ಪಣದ ಮೇಜುಗಳಲ್ಲಿ ರೇಕ್‌ನ ಮಿತಿ (ಒಂದು ಪಾಟ್‌ನಿಂದ ತೆಗೆಯುವ ಗರಿಷ್ಠ ಮೊತ್ತ) ಮುಟ್ಟುವಷ್ಟು ಪಾಟ್ ಬೆಳೆಯುವುದೇ ಇಲ್ಲವಾದ್ದರಿಂದ ಅಲ್ಲಿ ಹೊಡೆತ ಜೋರು. ಮೇಜು ಆರಿಸುವಾಗ ಶೇಕಡಾವಾರು ಮಾತ್ರ ನೋಡಬೇಡಿ, ಮಿತಿ ಎಷ್ಟು ಬಿಬಿಗೆ ಸಮ ಎಂದು ನೋಡಿ. ಫ್ಲಾಪ್ ಬರದ ಕೈಗೆ ರೇಕ್ ಇಲ್ಲ ಎನ್ನುವ ನಿಯಮ ಇದ್ದಲ್ಲಿ, ಸ್ಮಾಲ್ ಬ್ಲೈಂಡ್‌ನಿಂದ ಬರೀ ಕಾಲ್ ಮಾಡುವುದಕ್ಕಿಂತ ರೇಸ್ ಇಲ್ಲವೇ ಫೋಲ್ಡ್ ಲೇಸು.

ಟೂರ್ನಮೆಂಟ್‌ನಲ್ಲಿ ಇದು ಬಯಲಿಗಿದೆ: 100 + 10 ಎಂದು ಬರೆದಿರುತ್ತದೆ. 110 ಕೊಟ್ಟಾಗ 100 ಬಹುಮಾನಕ್ಕೆ, 10 ಮನೆಗೆ. ಒಮ್ಮೆ ಕೊಟ್ಟರೆ ಮುಗಿಯಿತು. ಲಾಭದ ಲೆಕ್ಕ ಮಾತ್ರ 110ರ ಮೇಲೆ ಹಾಕಿ, 100ರ ಮೇಲಲ್ಲ. ಮರು-ಪ್ರವೇಶ ಮಾಡಿದರೆ ಅದೂ ಬೇರೆಯೇ 110, ಬೇರೆಯೇ ಸಾಲಿನಲ್ಲಿ ಬರೆಯಿರಿ. ಬಹಳ ಮಂದಿ ‘ಲಾಭದಲ್ಲಿದ್ದೇನೆ’ ಎನ್ನುವುದು ಈ ಸಾಲು ಬಿಟ್ಟುಹೋಗಿರುವುದರಿಂದ.

ಹೆಜ್ಜೆ 5: ಏರಿಳಿತ ಎಷ್ಟು ತಡೆದುಕೊಳ್ಳಬಲ್ಲಿರಿ

ಹಣ ಹಾಕುವ ಮುನ್ನ ನೀವಿರುವ ಕಡೆ ಕಾನೂನು ಏನೆನ್ನುತ್ತದೆ ನೋಡಿಕೊಳ್ಳಿ, ಮತ್ತು ಪೂರ್ತಿ ಹೋದರೂ ಮನೆ ನಡೆಯುವಷ್ಟನ್ನೇ ಬೇರೆ ತೆಗೆದಿಡಿ. ಸಾಲದ ದುಡ್ಡಿನಲ್ಲಿ ಆಡುವವರಿಗೆ ಈ ಹೆಜ್ಜೆಯ ಲೆಕ್ಕಗಳು ಯಾವುದೂ ಅನ್ವಯಿಸುವುದಿಲ್ಲ.

ಕ್ಯಾಶ್ ಗೇಮ್‌ನಲ್ಲಿ 100 ಕೈಗೆ 5 ಬಿಬಿ ಗೆಲ್ಲುವವರನ್ನು ತೆಗೆದುಕೊಳ್ಳಿ. ಏರಿಳಿತದ ಅಳತೆಯಾದ ಪ್ರಮಾಣ ವಿಚಲನೆ ಆರು ಜನರ ಮೇಜಿನಲ್ಲಿ 100 ಕೈಗೆ 90 ಬಿಬಿಯಂತೆ ಇಟ್ಟುಕೊಳ್ಳೋಣ. 10,000 ಕೈ ಆದಮೇಲೆ ನಿರೀಕ್ಷೆ 500 ಬಿಬಿ ಲಾಭ, ವಿಚಲನೆ 900 ಬಿಬಿ. ಅಂದರೆ ಚೆನ್ನಾಗಿಯೇ ಆಡಿದ ಹತ್ತು ಜನರಲ್ಲಿ ಹೆಚ್ಚುಕಡಿಮೆ ಮೂವರು ಇಷ್ಟು ಕೈ ಆಡಿದ ಮೇಲೂ ನಷ್ಟದಲ್ಲಿರುತ್ತಾರೆ. 1,00,000 ಕೈ ಆಗುವ ಹೊತ್ತಿಗೆ ಅದು ನೂರಕ್ಕೆ ನಾಲ್ವರಿಗೆ ಇಳಿಯುತ್ತದೆ.

ಈಗ ಸಾವಿರ ಜನರ ಟೂರ್ನಮೆಂಟ್‌ಗಳು. ಹಾಕಿದ್ದಕ್ಕೆ ಸರಾಸರಿ ಶೇ 20 ಲಾಭ ಮಾಡುವವರು, ವಿಚಲನೆ ಒಂದು ಟೂರ್ನಮೆಂಟ್‌ಗೆ 8 ಬೈ-ಇನ್ (ಪ್ರವೇಶಕ್ಕೆ ಕಟ್ಟುವ ಮೊತ್ತದ ಎಂಟರಷ್ಟು) ಎಂದಿಟ್ಟರೆ, 500 ಟೂರ್ನಮೆಂಟ್ ಆದ ಮೇಲೂ ಅದೇ ಹತ್ತರಲ್ಲಿ ಮೂವರು ನಷ್ಟದಲ್ಲಿ. ಸಂಖ್ಯೆ ಒಂದೇ, ಆದರೆ ಗಂಟೆ ನೋಡಿ: 10,000 ಕೈಗೆ ಆನ್‌ಲೈನ್‌ನಲ್ಲಿ ಒಂದೇ ಮೇಜಾದರೂ ಸುಮಾರು 140 ಗಂಟೆ. 500 ಟೂರ್ನಮೆಂಟ್‌ಗೆ, ಸರಾಸರಿ ಎರಡೂವರೆ ಗಂಟೆಯಂತೆ, 1,250 ಗಂಟೆ. ನೀವು ನಿಜವಾಗಿ ಗೆಲ್ಲುವ ಆಟಗಾರರೋ ಅಲ್ಲವೋ ಎನ್ನುವ ಉತ್ತರ ಟೂರ್ನಮೆಂಟ್‌ನಲ್ಲಿ ಅಷ್ಟು ತಡವಾಗಿ ಬರುತ್ತದೆ.

ಜನರನ್ನು ಟೂರ್ನಮೆಂಟ್‌ಗೆ ಎಳೆಯುವುದು ಇನ್ನೊಂದು ಬಗೆಯ ಸುದ್ದಿ. 2003ರಲ್ಲಿ ಕ್ರಿಸ್ ಮನಿಮೇಕರ್ 86 ಡಾಲರ್‌ನ ಆನ್‌ಲೈನ್ ಸ್ಯಾಟಲೈಟ್‌ನಿಂದ (ದೊಡ್ಡ ಟೂರ್ನಮೆಂಟ್‌ನ ಟಿಕೆಟ್ಟೇ ಬಹುಮಾನವಾಗಿರುವ ಸಣ್ಣ ಟೂರ್ನಮೆಂಟ್) ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ 10,000 ಡಾಲರ್ ಪ್ರವೇಶದ ಮುಖ್ಯ ಟೂರ್ನಮೆಂಟ್‌ಗೆ ಹೋಗಿ 25 ಲಕ್ಷ ಡಾಲರ್ ಗೆದ್ದರು. ಕತೆ ನಿಜ. ಅಂದು ಕಣದಲ್ಲಿದ್ದವರು 839 ಜನ ಎನ್ನುವುದೂ ನಿಜ.

ಸಾಮಾನ್ಯವಾಗಿ ಬಹುಮಾನ ಸಿಗುವುದು ಪ್ರವೇಶ ಪಡೆದವರಲ್ಲಿ ಶೇ 10ರಿಂದ 15 ಮಂದಿಗೆ, ಅದರಲ್ಲೂ ಕೆಳಗಿನ ಸ್ಥಾನದವರಿಗೆ ಬೈ-ಇನ್‌ನ ಒಂದೂವರೆ ಎರಡರಷ್ಟು ಮಾತ್ರ. ಸತತ 20 ಟೂರ್ನಮೆಂಟ್‌ನಲ್ಲಿ ಏನೂ ಸಿಗದಿದ್ದರೆ ಅದು ದುರದೃಷ್ಟವಲ್ಲ, ಮಾಮೂಲಿ.

ಬ್ಯಾಂಕ್‌ರೋಲ್, ಅಂದರೆ ಆಟಕ್ಕೆಂದೇ ತೆಗೆದಿಟ್ಟ ಹಣ, ಎಷ್ಟಿರಬೇಕು ಎನ್ನುವುದು ಇದರಿಂದಲೇ ಹೊರಡುತ್ತದೆ. ಆನ್‌ಲೈನ್ ಕ್ಯಾಶ್‌ಗೆ 30ರಿಂದ 50 ಬೈ-ಇನ್ (ಕ್ಯಾಶ್‌ನಲ್ಲಿ ಒಂದು ಬೈ-ಇನ್ ಎಂದರೆ ಸಾಮಾನ್ಯವಾಗಿ 100 ಬಿಬಿ). ಎದುರಾಳಿಗಳು ಮೆತ್ತಗಿರುವ ಎದುರುಬದುರು ಮೇಜಿಗೆ 20–30 ಸಾಕು. ಒಂಬತ್ತು ಜನರ ಸಿಟ್-ಅಂಡ್-ಗೋಗೆ 50–100. ನೂರಿನ್ನೂರು ಜನರ ಟೂರ್ನಮೆಂಟ್‌ಗೆ 100–150, ಸಾವಿರ ದಾಟಿದರೆ 200ಕ್ಕೂ ಹೆಚ್ಚು. ನಿಮ್ಮ ಹತ್ತಿರ ಇರುವ ಮೊತ್ತವನ್ನು ಈ ಅಂಕಿಯಿಂದ ಭಾಗಿಸಿ. ಬಂದದ್ದೇ ನೀವು ಕೂರಬಹುದಾದ ಮೇಜು. ಆ ಮೇಜು ಸಣ್ಣದೆನಿಸಿದರೆ ಸಣ್ಣದರಲ್ಲೇ ಕೂರಿ.

ಹೆಜ್ಜೆ 6: ಮೇಜು ಆರಿಸುವ ಸ್ವಾತಂತ್ರ್ಯ

ಕ್ಯಾಶ್ ಗೇಮ್‌ನ ದೊಡ್ಡ ಬಲ ಇದೇ, ಹೆಚ್ಚಿನವರು ಬಳಸುವುದೇ ಇಲ್ಲ. ಎಲ್ಲರೂ ಬಿಗಿಯಾಗಿ ಆಡುವ ಮೇಜಿನಿಂದ ಎದ್ದು ಹೋಗಬಹುದು. ಆರು ಜನರ ಮೇಜಿನಲ್ಲಿ ಅರ್ಧದಷ್ಟು ಕೈಗಳಿಗೆ ಮೂವರು ನಾಲ್ವರು ಫ್ಲಾಪ್ ನೋಡುತ್ತಿದ್ದರೆ, ರಿವರ್‌ನಲ್ಲಿ ಸಣ್ಣ ಜೊತೆಗೂ ಕಾಲ್ ಬೀಳುತ್ತಿದ್ದರೆ ಅಲ್ಲಿ ಕೂರಿ. ಸಡಿಲವಾಗಿ ಆಡುವವರು ನಿಮ್ಮ ಬಲಗಡೆ ಇರಲಿ, ಅವರು ಆಡಿದ ಮೇಲೆ ನೀವು ಆಡುವಂತೆ. ಅವರು ಎದ್ದು ಹೋದ ಮೇಲೂ ‘ಇನ್ನೊಂದು ಸುತ್ತು’ ಎಂದು ಕೂತರೆ, ಈಗ ಎಲ್ಲರೂ ನೋಡುತ್ತಿರುವುದು ನಿಮ್ಮ ಸ್ಟ್ಯಾಕನ್ನೇ.

ಟೂರ್ನಮೆಂಟ್‌ನಲ್ಲಿ ಜಾಗ ಚೀಟಿ ಎತ್ತಿದಂತೆ ಬರುತ್ತದೆ, ಮೇಜು ಒಡೆದರೆ ಮತ್ತೆಲ್ಲಿಗೋ ಕಳಿಸುತ್ತಾರೆ. ಅದಕ್ಕೆ ಬದಲಾಗಿ ಅಲ್ಲಿ ಸಿಗುವುದು ಹೊಸಬರ ದಂಡು: ಖರ್ಚು ಎಷ್ಟೆಂದು ಮೊದಲೇ ಗೊತ್ತಿರುವುದರಿಂದ ಶೋಕಿಗೆ ಆಡುವವರು ಅಲ್ಲಿಗೇ ಬರುತ್ತಾರೆ. ನೀವು ಆರಿಸಬಹುದಾದದ್ದು ರಚನೆಯನ್ನು. ಲೆವೆಲ್ 5 ನಿಮಿಷದ ಟರ್ಬೋನಲ್ಲಿ ಕೌಶಲಕ್ಕೆ ಜಾಗ ಕಡಿಮೆ. 10–12 ನಿಮಿಷದ್ದು ಕಲಿಯಲು ಒಳ್ಳೆಯದು. ತಡವಾಗಿ ನೋಂದಾಯಿಸಿ 20 ಬಿಬಿಯೊಂದಿಗೆ ಕೂತರೆ ಸಮಯ ಉಳಿಯುತ್ತದೆ, ಆದರೆ ಹೊಸಬರು ಚಿಪ್ಸ್ ಹಂಚುವ ಮೊದಲ ಗಂಟೆ ನಿಮ್ಮ ಕೈತಪ್ಪಿರುತ್ತದೆ.

ಸ್ಯಾಟಲೈಟ್ ಮತ್ತೂ ಬೇರೆ ಪ್ರಾಣಿ. ಹತ್ತು ಟಿಕೆಟ್ ಇದ್ದು ಹನ್ನೊಂದು ಜನ ಉಳಿದಾಗ ಮೊದಲಿಗರಿಗೂ ಹತ್ತನೆಯವರಿಗೂ ಒಂದೇ ಟಿಕೆಟ್. ನಿಮ್ಮ ಸ್ಟ್ಯಾಕ್ ದೊಡ್ಡದಿದ್ದು, ಇನ್ನೊಬ್ಬರು ಒಂದು ಬಿಬಿಯಲ್ಲಿ ಉಸಿರು ಹಿಡಿದಿದ್ದರೆ, ಇನ್ನೊಂದು ದೊಡ್ಡ ಸ್ಟ್ಯಾಕ್‌ನ ಆಲ್-ಇನ್‌ಗೆ ಜೊತೆ ಏಸ್‌ಗಳನ್ನೂ ಮಡಚುವುದು ಸರಿ. ಪೋಕರ್‌ನಲ್ಲಿ ಇದನ್ನು ಬೇರೆಲ್ಲಿ ಹೇಳಿದರೂ ನಗುತ್ತಾರೆ.

ಹೆಜ್ಜೆ 7: ಎಂಟು ವಾರ ಆಡಿ ನೋಡಿ

ಮೊದಲ ನಾಲ್ಕು ವಾರ ಕೈಗೆಟುಕುವ ಅತಿ ಸಣ್ಣ ಕ್ಯಾಶ್ ಮೇಜು, ಒಮ್ಮೆಗೆ 60–90 ನಿಮಿಷ, ಒಟ್ಟು 3,000 ಕೈ. ಒಂದು ಕೂರಾಟದಲ್ಲಿ ಎರಡು ಬೈ-ಇನ್ ಹೋದರೆ ಅಂದಿಗೆ ನಿಲ್ಲಿಸಿ. ನಂತರದ ನಾಲ್ಕು ವಾರ 40 ಸಿಟ್-ಅಂಡ್-ಗೋ ಮತ್ತು ವಾರಕ್ಕೆ ಎರಡು ದೊಡ್ಡ ಟೂರ್ನಮೆಂಟ್, ಮರು-ಪ್ರವೇಶ ಬೇಡ. ಪ್ರತಿ ದಿನ ಬರೆದಿಡಬೇಕಾದ್ದು:

- ಎಷ್ಟು ಗಂಟೆ, ಎಷ್ಟು ಹಾಕಿದ್ದು, ಎಷ್ಟು ಬಂದದ್ದು
- ಯಾಕೆ ಎದ್ದಿರಿ: ಸಮಯ, ಸೋಲು, ದಣಿವು, ಸಿಟ್ಟು
- ಉತ್ತರ ಗೊತ್ತಾಗದ ಮೂರು ಕೈ, ಸ್ಟ್ಯಾಕ್ ಎಷ್ಟು ಬಿಬಿ ಇತ್ತು ಎನ್ನುವುದರ ಸಮೇತ

ಕೊನೆಗೆ ಗೆಲುವು-ಸೋಲಿನ ಮೊತ್ತ ನೋಡಿ ತೀರ್ಮಾನಿಸಬೇಡಿ. 3,000 ಕೈ, 40 ಆಟ ಏನನ್ನೂ ಸಾಬೀತು ಮಾಡುವುದಿಲ್ಲ. ಎರಡನೆಯ ಮತ್ತು ಮೂರನೆಯ ಸಾಲು ಓದಿ. ಕ್ಯಾಶ್ ದಿನಗಳಲ್ಲಿ ‘ಸಿಟ್ಟು’ ಎಂದೇ ಮತ್ತೆ ಮತ್ತೆ ಇದ್ದರೆ, ಕೈಯಲ್ಲಿ ಮತ್ತೆ ತುಂಬಿಸಿಕೊಳ್ಳುವ ಗುಂಡಿ ಇರುವ ಆಟ ನಿಮಗೆ ಅಪಾಯ. ಟೂರ್ನಮೆಂಟ್‌ನಲ್ಲಿ ಸೋಲಿಗೊಂದು ಬೇಲಿಯಾದರೂ ಇದೆ. ಟೂರ್ನಮೆಂಟ್ ದಿನಗಳಲ್ಲಿ ಮೂರನೇ ಗಂಟೆಯ ನಂತರದ ಕೈಗಳೇ ತಪ್ಪಿನಿಂದ ತುಂಬಿದ್ದರೆ ನಿಮ್ಮ ಗಮನದ ಅವಧಿ ಕ್ಯಾಶ್‌ಗೆ ಹೊಂದುತ್ತದೆ. ಗೊತ್ತಾಗದ ಕೈಗಳು ಹೆಚ್ಚಾಗಿ ರಿವರ್‌ನವೇ ಆಗಿದ್ದರೆ ಇನ್ನೂ ಸ್ವಲ್ಪ ದಿನ ಸಿಟ್-ಅಂಡ್-ಗೋ ಆಡಿ ಫ್ಲಾಪ್‌ಗೆ ಮುಂಚಿನ ಆಟ ಗಟ್ಟಿ ಮಾಡಿಕೊಳ್ಳುವುದು ಅಗ್ಗದ ದಾರಿ.

ಎರಡನ್ನೂ ಆಡುತ್ತೇನೆ ಎನ್ನುವವರು ಬ್ಯಾಂಕ್‌ರೋಲನ್ನು ಎರಡು ಭಾಗ ಮಾಡಿ, ಒಂದರಿಂದ ಇನ್ನೊಂದಕ್ಕೆ ಸಾಲ ಕೊಡಬೇಡಿ. ಒಂದೇ ದಿನ ಎರಡನ್ನೂ ಆಡುವುದಾದರೆ ಕ್ಯಾಶ್ ಮೊದಲು, ಟೂರ್ನಮೆಂಟ್ ನಂತರ. ತಿರುಗಿಸಿದರೆ ಏನಾಗುತ್ತದೆ ಎಂದರೆ, ಬಬಲ್‌ನಲ್ಲಿ (ಬಹುಮಾನದ ಹೊಸ್ತಿಲಲ್ಲೇ) ಹೊರಬಿದ್ದ ಕೋಪ ಹೊತ್ತು, 15 ಬಿಬಿಗೆ ಒಗ್ಗಿದ ಕಣ್ಣಿನಲ್ಲಿ 100 ಬಿಬಿ ಮೇಜಿಗೆ ಕೂರುತ್ತೀರಿ. ಆಗ ಒಂದು ಜೊತೆ ಹತ್ತುಗಳಿಗೆ ಇಡೀ ಸ್ಟ್ಯಾಕ್ ತಳ್ಳುವುದು ತೀರಾ ಸಹಜ ಅನ್ನಿಸುತ್ತದೆ.